ಹೊರಡದ ಹಳೆಯ ಮೋಟಾರ್ ಸೈಕಲ್ಲು: ಖರ್ಚಿಗಿಂತ ಮೊದಲು ಪರೀಕ್ಷೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸಣ್ಣ ವ್ಯಾಪಾರವು ಇಂದಿಗೂ ಬಹುಮಟ್ಟಿಗೆ ದ್ವಿಚಕ್ರ ವಾಹನದ ಮೇಲೆಯೇ ನಡೆಯುತ್ತಿದೆ. ಬಾಕಿ ವಸೂಲಿಗೆ ಹೋಗುವವರು, ಸಂತೆಯಿಂದ ಸಂತೆಗೆ ಸರಕು ಒಯ್ಯುವವರು, ಹಳ್ಳಿಯ ಕಿರಾಣಿ ಅಂಗಡಿಗಳಿಗೆ ಮಂಡಕ್ಕಿ, ಬ್ರೆಡ್ಡು, ಸೋಪು ಹಂಚುವವರು ಇವರೆಲ್ಲರ ದಿನದ ಗಳಿಕೆ ಬೆಳಿಗ್ಗೆ ಗಾಡಿ ಹೊರಡುವುದನ್ನು ಅವಲಂಬಿಸಿರುತ್ತದೆ. ಅವರಲ್ಲಿ ಅನೇಕರ ಗಾಡಿಗಳು ಹದಿನೈದು, ಇಪ್ಪತ್ತು ವರ್ಷ ದಾಟಿದವು. ಅಂತಹ ಗಾಡಿಯೊಂದು ಹೊರಡದೆ ನಿಂತಾಗ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಲೆಕ್ಕಪರಿಶೋಧಕನಿಗೆ ಇಂಜಿನ್ನಿನ ಉಸಾಬರಿ ಏಕೆ ಎಂದು ಓದುಗ ಮಹನೀಯರು ಕೇಳಬಹುದು. ಕಾರಣವಿದೆ. ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಒಬ್ಬರ ಲೆಕ್ಕಪತ್ರವನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. 2019ರಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ರಥೋತ್ಸವಕ್ಕೆ ಇನ್ನು ವಾರವಿದೆ ಎನ್ನುವಾಗ ಅವರ ಹಳೆಯ 100 ಸಿಸಿ ಗಾಡಿ ಹೊರಡದೆ ನಿಂತಿತು. ಅದಕ್ಕೂ ಹಿಂದೆ ಅವರು ಜ್ವರದಿಂದ ಮಲಗಿದ್ದು, ಗಾಡಿ ಒಂದೂವರೆ ತಿಂಗಳು ಮುಟ್ಟದೆ ನಿಂತಿತ್ತು. ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ವಾರ ಅದು. ಪ್ಲಗ್ಗು ಬದಲಾಯಿತು, ಕಾಯಿಲ್ ಬದಲಾಯಿತು, ಸಿ.ಡಿ.ಐ. ಪೆಟ್ಟಿಗೆ ಬದಲಾಯಿತು, ಒಟ್ಟು 3,200 ರೂಪಾಯಿ ಹೋಯಿತು. ಆದರೂ ಹೊರಡದಿದ್ದಾಗ ಇಂಜಿನ್ನನ್ನೇ ಬಿಚ್ಚಬೇಕು, ಒಂಬತ್ತು ಸಾವಿರವಾಗಬಹುದು ಎಂಬ ಮಾತು ಬಂತು. ಬೇಸತ್ತ ಅವರು ಗಾಡಿಯನ್ನು ಐದು ಸಾವಿರಕ್ಕೆ ಕೊಟ್ಟು, ಕಂತಿನ ಮೇಲೆ ಹೊಸದನ್ನು ತಂದರು. ಕೊಂಡ ಹುಡುಗನು ಕಾರ್ಬುರೇಟರನ್ನು ಬಿಚ್ಚಿ, ತೊಳೆದು, ಊದಿ ಜೋಡಿಸಿದನು. ಮೂರನೆಯ ದಿನ ಅದೇ ಗಾಡಿ ಅವರ ಭಟ್ಟಿಯ ಮುಂದೆಯೇ ಹಾದು ಹೋಯಿತು.

ಮಾರ್ಚ್ ಅಂತ್ಯದಲ್ಲಿ ಬಿಲ್ಲುಗಳ ಕಟ್ಟು ಹಿಡಿದು ಬಂದ ಅವರು ಕೇಳಿದ್ದು ಒಂದೇ ಮಾತು: "ಸರ್, ಇದನ್ನ ಯಾವ ಖಾತೆಗೆ ಬರೀಬೇಕು?" ಬರೆಯುವ ಖಾತೆಯನ್ನು ಹೇಳಿದೆ. ಆದರೆ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ ತಪ್ಪು ಎಲ್ಲಿ ನಡೆದಿದೆಯೆಂಬುದು ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರತಿಯೊಂದು ಬಿಡಿಭಾಗವೂ ಪರೀಕ್ಷೆಯ ಫಲವಾಗಿ ಬಂದದ್ದಲ್ಲ, ಪರೀಕ್ಷೆಗೆ ಬದಲಾಗಿ ಬಂದದ್ದು.

ಇಂಜಿನ್ನಿಗೆ ಬೇಕಾದುದೇನು?

ಪೆಟ್ರೋಲ್ ಇಂಜಿನ್ ಹೊರಡಲು ಬೇಕಾಗುವುದು ಮೂರೇ ಸಂಗತಿಗಳು. ಸರಿಯಾದ ಪ್ರಮಾಣದಲ್ಲಿ ಬೆರೆತ ಪೆಟ್ರೋಲು ಮತ್ತು ಗಾಳಿ, ಸರಿಯಾದ ಕ್ಷಣದಲ್ಲಿ ಬಲವಾದ ಕಿಡಿ, ಮತ್ತು ಆ ಮಿಶ್ರಣವನ್ನು ಅದುಮಿ ಹಿಡಿಯುವ ಒತ್ತಡ, ಅಂದರೆ ಮೆಕ್ಯಾನಿಕರು ಹೇಳುವ ಕಂಪ್ರೆಷನ್ನು. ಈ ಮೂರೂ ಇದ್ದು ಇಂಜಿನ್ ಹೊರಡದಿರುವುದು ಅಪರೂಪ. ಹಾಗಾದರೆ ಕಿಡಿಯ ಕ್ಷಣ ತಪ್ಪಿದೆಯೆಂದೋ, ಸೈಲೆನ್ಸರ್ ಕಟ್ಟಿದೆಯೆಂದೋ ತಿಳಿಯಬೇಕು. ಮೂರರಲ್ಲಿ ಯಾವುದು ಇಲ್ಲವೆಂದು ನಿರ್ಣಯಿಸಲು ಒಂದು ಪ್ಲಗ್ ಪಾನೆ, ಒಂದು ಗಾಜಿನ ಸೀಸೆ ಮತ್ತು ಸ್ವಂತ ಹೆಬ್ಬೆರಳು ಸಾಕು.

ಇಲ್ಲಿ ಹೇಳುತ್ತಿರುವುದು ಕಾರ್ಬುರೇಟರ್ ಇರುವ ಗಾಡಿಗಳ ವಿಷಯ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಮೇಲೆ ಬಂದ ಗಾಡಿಗಳಲ್ಲಿ ಬಹುತೇಕ ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆಯಿದ್ದು, ಅವುಗಳ ಪರೀಕ್ಷೆಯ ರೀತಿ ಬೇರೆ.

ಎಲ್ಲಕ್ಕೂ ಮೊದಲು, ನಾಚಿಕೆಪಡದೆ, ಸುಲಭವಾದುದನ್ನು ನೋಡಬೇಕು. ಹ್ಯಾಂಡಲ್ಲಿನ ಮೇಲೆ ಇಂಜಿನ್ ನಿಲ್ಲಿಸುವ ಗುಂಡಿ ಇದ್ದರೆ ಅದು ಯಾವ ಕಡೆಗಿದೆ? ಮಕ್ಕಳ ಕೈ ಮೊದಲು ಹೋಗುವುದು ಅಲ್ಲಿಗೇ. ಪೆಟ್ರೋಲ್ ಕಾಕ್ ತೆರೆದಿದೆಯೇ? ರಿಸರ್ವ್‌ಗೆ ತಿರುಗಿಸಬೇಕಾದ ಕಾಲ ಬಂದಿದೆಯೇ? ಟ್ಯಾಂಕಿನ ಮುಚ್ಚಳ ತೆಗೆದು ಗಾಡಿಯನ್ನು ಅಲುಗಾಡಿಸಿದರೆ ಪೆಟ್ರೋಲಿನ ಸದ್ದು ಕೇಳುತ್ತದೆಯೇ? ಸೈಲೆನ್ಸರಿನ ಬಾಯಿಗೆ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿದೆಯೇ? ಬಹಳ ದಿನ ಗೋದಾಮಿನಲ್ಲಿ ನಿಂತ ಗಾಡಿಯಲ್ಲಿ ಇದನ್ನು ನಾನೇ ಕಂಡಿದ್ದೇನೆ. ಇವೆಲ್ಲಕ್ಕೂ ಎರಡು ನಿಮಿಷ ಸಾಕು, ಖರ್ಚು ಏನೂ ಇಲ್ಲ.

ಪ್ಲಗ್ಗು ನುಡಿಯುವ ಸಾಕ್ಷ್ಯ

ಚೋಕ್ ಹಾಕಿ ಎಂಟು ಹತ್ತು ಬಾರಿ ಕಿಕ್ ಹೊಡೆದ ನಂತರ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಲೆಕ್ಕಪರಿಶೋಧನೆಯಲ್ಲಿ ಮೂಲ ವೋಚರಿಗೆ ಇರುವ ಬೆಲೆಯೇ ಇಲ್ಲಿ ಪ್ಲಗ್ಗಿಗೆ. ಅದರ ತುದಿ ಒಣಗಿದ್ದರೆ ಪೆಟ್ರೋಲು ಸಿಲಿಂಡರಿಗೆ ಬಂದೇ ಇಲ್ಲ. ಆಗ ಕಾಯಿಲ್, ಸಿ.ಡಿ.ಐ.ಗಳ ಮೇಲೆ ಹಣ ಹಾಕುವುದು ವ್ಯರ್ಥ. ತುದಿ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಅದನ್ನು ಹೊತ್ತಿಸುವವರಿಲ್ಲ ಅಥವಾ ಪೆಟ್ರೋಲು ಮಿತಿಮೀರಿ ಬಂದಿದೆ. ಕಪ್ಪು ಮಸಿ ಹಿಡಿದಿದ್ದರೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಜಿಡ್ಡು ಎಣ್ಣೆ ಅಂಟಿದ್ದರೆ, ಫೋರ್ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ ರಿಂಗುಗಳ ಮೇಲೆ ಸಂಶಯ ಹೋಗಬೇಕು. ಟೂ ಸ್ಟ್ರೋಕ್ ಗಾಡಿಯಲ್ಲಾದರೆ, ಎಣ್ಣೆ ಬೆರೆಸಿದ ಪೆಟ್ರೋಲು ಬಹುಕಾಲ ನಿಂತು, ಪೆಟ್ರೋಲು ಆರಿ ಎಣ್ಣೆಯಷ್ಟೇ ಉಳಿದಿರಬಹುದು.

ಮಂಡಕ್ಕಿ ಭಟ್ಟಿಯವರ ಗಾಡಿಯ ಪ್ಲಗ್ಗು ಒಣಗಿತ್ತೆಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಅಷ್ಟು ಸಾಕ್ಷ್ಯ ಕೈಯಲ್ಲಿದ್ದೂ ಕಾಯಿಲ್ ಬದಲಾಯಿಸಲಾಗಿತ್ತು.

ಪೆಟ್ರೋಲು ಉಕ್ಕಿ ಬಂದಿದ್ದರೆ ಪರಿಹಾರ ಸರಳ. ಕಾಕ್ ಮುಚ್ಚಿ, ಚೋಕ್ ತೆಗೆದು, ಕೀಲಿ ಬಂದ್ ಮಾಡಿ, ಪ್ಲಗ್ಗು ಹೊರಗಿರುವಾಗಲೇ ಎಕ್ಸಲರೇಟರನ್ನು ಪೂರ್ತಿ ತಿರುವಿ ಹತ್ತು ಬಾರಿ ಕಿಕ್ ಹೊಡೆದರೆ ಒಳಗಿನ ತೇವ ಹೊರಹೋಗುತ್ತದೆ. ಪ್ಲಗ್ಗನ್ನು ಒರೆಸಿ ಒಣಗಿಸಿ ಹಾಕಿದರೆ ಸಾಮಾನ್ಯವಾಗಿ ಗಾಡಿ ಹೊರಡುತ್ತದೆ. ಈ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಬೀಡಿ ಸೇದುವವರನ್ನು ದೂರ ನಿಲ್ಲಿಸಬೇಕು.

ಪೆಟ್ರೋಲು ಬರುವ ದಾರಿ

ಪ್ಲಗ್ಗು ಒಣಗಿದ್ದಲ್ಲಿ ಕಾರ್ಬುರೇಟರಿಗೆ ಸೇರುವ ಪೈಪನ್ನು ಎಳೆದು, ಅದರ ತುದಿಯನ್ನು ಒಣಗಿದ ಗಾಜಿನ ಸೀಸೆಯೊಳಗಿಟ್ಟು ಕಾಕ್ ತೆರೆಯಬೇಕು. ಪೆಟ್ರೋಲು ಸಣ್ಣ ಧಾರೆಯಾಗಿ ಒಂದೇ ಸಮನೆ ಬೀಳಬೇಕು. ಬೀಳದಿದ್ದರೆ ಕಾಕಿನಲ್ಲಿರುವ ಜಾಲರಿಗೆ ಟ್ಯಾಂಕಿನ ತುಕ್ಕು ತುಂಬಿದೆ. ಮೊದಲು ಚೆನ್ನಾಗಿ ಬಿದ್ದು, ಬರಬರುತ್ತ ತೆಳ್ಳಗಾಗಿ ಹನಿಗೆ ಇಳಿದರೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಬೇಕು. ಧಾರೆ ಮರಳಿ ಬಂದರೆ ದೋಷ ಮುಚ್ಚಳದಲ್ಲಿದೆ. ಇಳಿದ ಪೆಟ್ರೋಲಿನ ಜಾಗಕ್ಕೆ ಗಾಳಿ ಒಳಬರಲು ಮುಚ್ಚಳದಲ್ಲಿ ಸೂಕ್ಷ್ಮ ರಂಧ್ರವಿರುತ್ತದೆ. ಅದು ಮುಚ್ಚಿಹೋಗಿದ್ದರೆ ಪೆಟ್ರೋಲು ಇಳಿಯುವುದಿಲ್ಲ. ಈ ಪರೀಕ್ಷೆಯನ್ನು ಓದುಗರು ಮರೆಯಬಾರದೆಂದು ನಾನು ಹೇಳುವುದಕ್ಕೆ ವೈಯಕ್ತಿಕ ಕಾರಣವಿದೆ, ಮುಂದೆ ಬರುತ್ತದೆ.

ಸೀಸೆಗೆ ಚೆನ್ನಾಗಿ ಪೆಟ್ರೋಲು ಬಿದ್ದರೂ ಪ್ಲಗ್ಗು ಒಣಗಿದ್ದರೆ ಅಡ್ಡಿ ಇರುವುದು ಕಾರ್ಬುರೇಟರಿನೊಳಗೆ. ತಳದ ಫ್ಲೋಟ್ ಬಟ್ಟಲಿನ ಸಣ್ಣ ತಿರುಪನ್ನು ಸಡಿಲಿಸಿ, ಅಲ್ಲಿದ್ದುದನ್ನು ಅದೇ ಸೀಸೆಗೆ ಇಳಿಸಿ, ಐದು ನಿಮಿಷ ಅಲುಗಾಡಿಸದೆ ಇಡಬೇಕು. ಕೆಳಗೆ ಬೇರೆ ಪದರವೊಂದು ಕಂಡರೆ ಅದು ನೀರು. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಹೊಸ ಕಾರಣವೊಂದು ಸೇರಿಕೊಂಡಿದೆ. 2025ರ ಹೊತ್ತಿಗೆ ದೇಶದಾದ್ಯಂತ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣ ಶೇ. 20ಕ್ಕೆ ಏರಿದೆ. ಎಥೆನಾಲು ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ತೇವ ಮಿತಿಮೀರಿದಾಗ ನೀರು ಮತ್ತು ಎಥೆನಾಲು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇಂಜಿನ್ನಿಗೆ ಮೊದಲು ತಲುಪುವುದು ಆ ತಳದ ಭಾಗವೇ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಇಷ್ಟು ಎಥೆನಾಲನ್ನು ಎಣಿಸಿ ತಯಾರಾದವಲ್ಲವಾದ್ದರಿಂದ ಅವು ಬೇಗ ಉಬ್ಬಿ, ಬಿರುಕು ಬಿಡಬಹುದು. ಎಥೆನಾಲಿಗೆ ಮೆಕ್ಕೆಜೋಳವೂ ಕಚ್ಚಾವಸ್ತುವೆಂಬುದನ್ನು ಹರಪನಹಳ್ಳಿ ಭಾಗದ ವರ್ತಕರಿಗೆ ನಾನು ಹೇಳಬೇಕಾಗಿಲ್ಲ. ಮಾರುವಾಗ ಸಿಹಿಯಾದ ಜೋಳ ಟ್ಯಾಂಕಿನಲ್ಲಿ ಸ್ವಲ್ಪ ಕಹಿ!

ನೀರಿಲ್ಲದಿದ್ದರೆ ಸಂಶಯ ಹೋಗಬೇಕಾದುದು ಪೈಲಟ್ ಜೆಟ್ಟಿನ ಮೇಲೆ. ಇಂಜಿನ್ ಹೊರಡುವಾಗ ಮತ್ತು ನಿಂತಲ್ಲೇ ಓಡುವಾಗ ಪೆಟ್ರೋಲು ಬರುವುದು ಈ ಅತಿ ಸಣ್ಣ ರಂಧ್ರದ ಮೂಲಕ. ನಮ್ಮ ಕಡೆಯ ಬಿಸಿಲಿಗೆ ಗಾಡಿ ಕೆಲವು ವಾರ ನಿಂತರೆ ಫ್ಲೋಟ್ ಬಟ್ಟಲಿನ ಪೆಟ್ರೋಲಿನಲ್ಲಿ ಬೇಗ ಹೊತ್ತುವ ಭಾಗ ಆರಿಹೋಗಿ, ಉಳಿದದ್ದು ಅಂಟಾಗಿ ಈ ರಂಧ್ರವನ್ನು ಮುಚ್ಚುತ್ತದೆ. ಚೋಕ್ ಹಾಕಿದರೆ ಮಾತ್ರ ಹೊರಟು, ತೆಗೆದೊಡನೆ ಸಾಯುವ ಗಾಡಿಯ ರೋಗವೂ ಬಹುತೇಕ ಇದೇ. ಜೆಟ್ಟನ್ನು ಹೊರತೆಗೆದು ಕಾರ್ಬುರೇಟರ್ ತೊಳೆಯುವ ದ್ರವದಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿಸಬೇಕು. ಉಕ್ಕಿನ ತಂತಿ ತೂರಿಸಬಾರದು. ರಂಧ್ರ ಒಂದಿಷ್ಟು ದೊಡ್ಡದಾದರೂ ಆಮೇಲೆ ಗಾಡಿ ವರ್ಷವಿಡೀ ಹೆಚ್ಚು ಪೆಟ್ರೋಲು ಕುಡಿಯುತ್ತದೆ.

ಗಾಳಿಯ ಕಡೆಗೆ ಒಂದೇ ಮಾತು. ಕೂಡ್ಲಿಗಿ ಕಡೆಯ ಕೆಂಪು ಧೂಳಿನಲ್ಲಿಯೂ ಶೇಂಗಾ ಗಿರಣಿಗಳ ಆವರಣದಲ್ಲಿಯೂ ಓಡಾಡುವ ಗಾಡಿಯ ಏರ್ ಫಿಲ್ಟರನ್ನು ಕಂಪನಿಯ ಪುಸ್ತಕದಲ್ಲಿ ಹೇಳಿದ ಅಂತರಕ್ಕಿಂತ ಮೊದಲೇ ಬಿಚ್ಚಿ ನೋಡಬೇಕು.

ಕಿಡಿಯ ಪರೀಕ್ಷೆ

ಪ್ಲಗ್ಗು ಒದ್ದೆಯಾಗಿದ್ದರೆ ಈ ದಾರಿ. ಪ್ಲಗ್ಗನ್ನು ಅದರ ಟೋಪಿಗೆ ಸಿಕ್ಕಿಸಿ, ಲೋಹದ ಭಾಗ ಇಂಜಿನ್ನಿಗೆ ಚೆನ್ನಾಗಿ ತಾಗುವಂತೆ, ಆದರೆ ಪ್ಲಗ್ಗಿನ ರಂಧ್ರದಿಂದ ದೂರವಾಗಿ ಇರಿಸಿ, ನೆರಳಿನಲ್ಲಿ ಕಿಕ್ ಹೊಡೆಯಬೇಕು. ಚಟಚಟನೆ ನೀಲಿ ಕಿಡಿ ಹಾರಿದರೆ ಸರಿ. ಹಳದಿಯಾಗಿ, ಮಂಕಾಗಿ ಹಾರಿದರೆ ಕಿಡಿ ದುರ್ಬಲ. ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡುವ ಸಾಹಸ ಬೇಡ. ಸಿ.ಡಿ.ಐ. ಗಾಡಿಗಳಲ್ಲಿ ಟೋಪಿಯನ್ನು ಗಾಳಿಯಲ್ಲಿ ತೂಗುಬಿಟ್ಟು ಕಿಕ್ ಹೊಡೆಯಲೂಬಾರದು. ಆ ಪೆಟ್ಟಿಗೆ ಕೆಡುವ ಸಂಭವವಿದೆ.

ಕಿಡಿ ಇಲ್ಲದಿದ್ದರೆ ಅಗ್ಗದ ವಸ್ತುವಿನಿಂದ ಆರಂಭಿಸಬೇಕು. ಮೊದಲು ಸರಿಯಾಗಿದೆಯೆಂದು ತಿಳಿದಿರುವ ಇನ್ನೊಂದು ಪ್ಲಗ್ಗು. ಆಮೇಲೆ ಪ್ಲಗ್ಗಿನ ಟೋಪಿ, ಅದನ್ನು ತಿರುವಿ ತೆಗೆದು ವಯರಿನ ತುದಿಯನ್ನು ಸ್ವಲ್ಪ ಕತ್ತರಿಸಿ ಮರಳಿ ಕೂರಿಸುವುದು. ಅನಂತರ ಕೀಲಿ ಮತ್ತು ಗುಂಡಿಯ ವಯರುಗಳು. ಹಳೆಯ ಗಾಡಿಯಲ್ಲಿ ಹ್ಯಾಂಡಲ್ಲು ತಿರುಗುವ ಕಡೆ ಇವು ಸವೆದು ಚಾಸಿಗೆ ತಾಗುತ್ತಿರುತ್ತವೆ. ಕೊನೆಗೆ ಮಾತ್ರ ಕಾಯಿಲ್, ಸಿ.ಡಿ.ಐ. ಈ ಎರಡನ್ನೂ ಕೊಳ್ಳುವ ಮೊದಲು ಅದೇ ಮಾದರಿಯ ಗೆಳೆಯರ ಗಾಡಿಯಿಂದ ಹತ್ತು ನಿಮಿಷ ಎರವಲು ತಂದು ಹಾಕಿ ನೋಡಬೇಕು. ಒಮ್ಮೆ ಜೋಡಿಸಿದ ವಿದ್ಯುತ್ ಬಿಡಿಭಾಗವನ್ನು ಯಾವ ಅಂಗಡಿಯವರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ; ವ್ಯಾಪಾರಿಗಳಾದ ನಮಗೆ ಅದರ ನ್ಯಾಯವೂ ಗೊತ್ತು.

ಇನ್ನೂ ಹಿಂದಿನ ಗಾಡಿಗಳಲ್ಲಿ ಸಿ.ಡಿ.ಐ. ಇರುವುದಿಲ್ಲ, ಪಾಯಿಂಟ್ ಇರುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ನಂತರ ಯೆಜ್ದಿ ಗಾಡಿಗಳನ್ನು ತಯಾರಿಸಿತು. ಕಿಕ್ಕಿನ ಕಡ್ಡಿಯನ್ನೇ ಮಡಚಿ ಗೇರಿನ ಕಡ್ಡಿಯಾಗಿ ಬಳಸುವ ಆ ಗಾಡಿಗಳನ್ನು ಜತನದಿಂದ ಉಳಿಸಿಕೊಂಡವರು ನಮ್ಮ ತಾಲ್ಲೂಕುಗಳಲ್ಲಿಯೂ ಇದ್ದಾರೆ. ಹಳೆಯ ಜಾವಾಗಳಲ್ಲಿ, ಪಾಯಿಂಟ್ ಇರುವ ಬುಲೆಟ್ಟುಗಳಲ್ಲಿ ಕಿಡಿಗೆ ಬ್ಯಾಟರಿಯೇ ಆಧಾರ. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಫಲವಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರಲ್ಲಿ ಹಾಗಲ್ಲ, ಬ್ಯಾಟರಿ ಸತ್ತಿದ್ದರೂ ಕಿಕ್ಕಿಗೆ ಹೊರಡುತ್ತದೆ. ಆದ್ದರಿಂದ ಹಾರ್ನ್ ಬರುತ್ತಿಲ್ಲವೆಂದು ಅದಕ್ಕೆ ಹೊಸ ಬ್ಯಾಟರಿ ಹಾಕಿಸಿ ಗಾಡಿ ಹೊರಡಲೆಂದು ಕಾಯುವುದು ತಪ್ಪು. ಪಾಯಿಂಟಿನ ಎರಡು ಮುಖಗಳು ಸುಟ್ಟು ಕಪ್ಪಾಗಿದ್ದರೆ ಸಣ್ಣ ಮರಳು ಕಾಗದದಿಂದ ಉಜ್ಜಿ, ಪೂರ್ತಿ ತೆರೆದಾಗಿನ ಅಂತರವನ್ನು ಆಯಾ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಹೊಂದಿಸಬೇಕು. ಉಜ್ಜಿದ ಪಾಯಿಂಟು ಪದೇ ಪದೇ ಸುಡುತ್ತಿದ್ದರೆ ಕಂಡೆನ್ಸರ್ ಕೆಟ್ಟಿದೆ.

ಒತ್ತಡ

ಪೆಟ್ರೋಲೂ ಇದೆ, ಕಿಡಿಯೂ ಇದೆ ಎಂದಾಗ ಮಾತ್ರ ಇಲ್ಲಿಗೆ ಬರಬೇಕು. ಕೀಲಿ ಬಂದ್ ಮಾಡಿ, ಪ್ಲಗ್ಗಿನ ರಂಧ್ರದ ಮೇಲೆ ಹೆಬ್ಬೆರಳನ್ನು ಬಿಗಿಯಾಗಿ ಒತ್ತಿ ಹಿಡಿದು ಇನ್ನೊಬ್ಬರಿಂದ ಕಿಕ್ ಹೊಡೆಸಿದರೆ, ಒಳಗಿನ ಗಾಳಿ ಬೆರಳನ್ನು ಎತ್ತಿ ಎಸೆಯಬೇಕು. ಮೆಲ್ಲಗೆ ಸೋರಿದಂತಾದರೆ ರಂಧ್ರದೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಆಗ ಒತ್ತಡ ಹೆಚ್ಚಿದರೆ ರಿಂಗುಗಳು ಸವೆದಿವೆ. ಹೆಚ್ಚದಿದ್ದರೆ ಫೋರ್ ಸ್ಟ್ರೋಕ್ ಗಾಡಿಯಲ್ಲಿ ವಾಲ್ವಿನ ದೋಷ. ಇಲ್ಲಿಯೂ ಅವಸರಪಡಬಾರದು. ಟ್ಯಾಪೆಟ್ ಬಿಗಿಯಾಗಿ ವಾಲ್ವು ಪೂರ್ತಿ ಮುಚ್ಚದಿದ್ದರೂ ಇದೇ ಲಕ್ಷಣ ಕಾಣುತ್ತದೆ, ಮತ್ತು ಟ್ಯಾಪೆಟ್ ಸಡಿಲಿಸುವುದು ಅರ್ಧ ಗಂಟೆಯ ಕೆಲಸ. ಇಂಜಿನ್ ಬಿಚ್ಚುವ ಮಾತಿಗೆ ಒಪ್ಪಿಗೆ ಕೊಡುವ ಮೊದಲು ಹೆಬ್ಬೆರಳಿನ ಪರೀಕ್ಷೆಯನ್ನು ನಮ್ಮೆದುರಿಗೇ ಮಾಡಿಸಿ ನೋಡುವ ಹಕ್ಕು ನಮಗಿದೆ. ಒಳ್ಳೆಯ ಮೆಕ್ಯಾನಿಕರು ಅದಕ್ಕೆ ಬೇಸರಪಡುವುದಿಲ್ಲ.

ನನ್ನದೇ ಒಂದು ಪ್ರಸಂಗ

2004ರ ಅಕ್ಟೋಬರ್ ತಿಂಗಳು, ಲೆಕ್ಕಪರಿಶೋಧನಾ ವರದಿಗಳ ಗಡುವಿನ ದಿನಗಳು. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವಾಗ ನನ್ನ ಗಾಡಿ ಹತ್ತು ಹನ್ನೆರಡು ಕಿಲೋಮೀಟರು ಓಡಿ ನಿಲ್ಲುತ್ತಿತ್ತು. ಆಮೇಲೆ ಎಷ್ಟು ಕಿಕ್ ಹೊಡೆದರೂ ಹೊರಡುತ್ತಿರಲಿಲ್ಲ. ಹುಣಸೆ ಮರದ ಕೆಳಗೆ ಅರ್ಧ ಗಂಟೆ ಕುಳಿತರೆ ತಾನಾಗಿಯೇ ಸರಿಹೋಗುತ್ತಿತ್ತು. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಮೊದಲ ಕಿಕ್ಕಿಗೇ ಹೊರಡುತ್ತಿತ್ತು. ಇಂಜಿನ್ ಕಾದಾಗ ಕಾಯಿಲ್ ಕೈಕೊಡುತ್ತಿದೆಯೆಂದು ಅದನ್ನು ಬದಲಾಯಿಸಿದೆ. ನಂತರ ಕಾರ್ಬುರೇಟರನ್ನೂ ಬದಲಾಯಿಸಿದೆ. ಎರಡೂ ನನ್ನದೇ ಒತ್ತಾಯ. ಮೆಕ್ಯಾನಿಕರು ಬೇಡವೆಂದೇ ಹೇಳಿದ್ದರು. ಹರಪನಹಳ್ಳಿಯ ಮೆಕ್ಕೆಜೋಳದ ವರ್ತಕರೊಬ್ಬರು ವರದಿಗೆ ಸಹಿ ಹಾಕಲು ರಾತ್ರಿ ಎಂಟರವರೆಗೆ ದಲಾಲಿ ಅಂಗಡಿಯಲ್ಲಿ ನನಗಾಗಿ ಕಾದು, ಬೇಸತ್ತು ಮನೆಗೆ ಹೋಗಿದ್ದರು. ಮರುದಿನ ಅವರು ಏನೂ ಅನ್ನಲಿಲ್ಲ. ಅನ್ನದಿದ್ದುದೇ ಹೆಚ್ಚಾಗಿತ್ತು.

ದೋಷವಿದ್ದುದು ಟ್ಯಾಂಕಿನ ಮುಚ್ಚಳದಲ್ಲಿ. ಪೆಟ್ರೋಲು ತುಳುಕುತ್ತದೆಯೆಂದು ಒಂದು ತಿಂಗಳ ಹಿಂದೆ ನಾನೇ ಸೈಕಲ್ ಟ್ಯೂಬನ್ನು ದುಂಡಗೆ ಕತ್ತರಿಸಿ ಮುಚ್ಚಳದೊಳಗೆ ಕೂರಿಸಿದ್ದೆ. ಗಾಳಿಯಾಡುವ ರಂಧ್ರಕ್ಕೆ ಅದು ಅಡ್ಡವಾಗಿತ್ತು. ಗ್ಯಾರೇಜಿನಲ್ಲಿ ಏಕೆ ಹೊರಡುತ್ತಿತ್ತೆಂಬುದು ಆಗ ಅರ್ಥವಾಯಿತು. ಪೆಟ್ರೋಲು ಇದೆಯೇ ಎಂದು ನೋಡಲು ಪ್ರತಿ ಬಾರಿಯೂ ಮೊದಲು ಮುಚ್ಚಳವನ್ನೇ ತೆಗೆಯಲಾಗುತ್ತಿತ್ತು. ಮುಚ್ಚಳ ತೆಗೆದೊಡನೆ ಗಾಳಿ ನುಗ್ಗಿ ರೋಗ ಮಾಯವಾಗುತ್ತಿತ್ತು. ದಾಸ್ತಾನು ತಪಾಸಣೆಯ ದಿನ ಮಾತ್ರ ಗೋದಾಮು ಸರಿಯಾಗಿರುವುದನ್ನು ವೃತ್ತಿಯಲ್ಲಿ ಹಲವು ಬಾರಿ ಕಂಡವನಿಗೆ ಇದು ಬೇಗ ಹೊಳೆಯಬೇಕಾಗಿತ್ತು. ಆದ್ದರಿಂದ ದಾರಿಯಲ್ಲಿ ನಿಂತ ಗಾಡಿಯನ್ನು ಏನನ್ನೂ ಮುಟ್ಟುವ ಮುನ್ನ, ನಿಂತ ಸ್ಥಿತಿಯಲ್ಲಿಯೇ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಮಾಡಿದ್ದನ್ನು, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಮೂರು ಭಾಗಗಳನ್ನು ಒಟ್ಟಿಗೆ ಬದಲಾಯಿಸಿ ಗಾಡಿ ಹೊರಟರೆ, ಯಾವುದು ಕೆಟ್ಟಿತ್ತೆಂಬುದು ಎಂದಿಗೂ ತಿಳಿಯುವುದಿಲ್ಲ.

ಇಟ್ಟುಕೊಳ್ಳುವುದೋ, ಮಾರುವುದೋ?

ಈ ಪ್ರಶ್ನೆಯನ್ನು ಗಾಡಿ ನಿಂತ ದಿನ ಕೇಳಿಕೊಳ್ಳಬಾರದು. ಹೊರಡದ ಗಾಡಿಗೆ ಪೇಟೆಯಲ್ಲಿ ಗುಜರಿಯ ಬೆಲೆ. ಅದೇ ಗಾಡಿ ಹೊರಟು ನಿಂತರೆ ಬೆಲೆ ಬೇರೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಮೋಟಾರ್ ಸೈಕಲ್ಲಿಗೆ ಇಳಿಕೆಯ ಬೆಲೆಯ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ದೊರೆಯುತ್ತದೆ. 40,000 ರೂಪಾಯಿಗೆ ಕೊಂಡದ್ದು ಹದಿನೈದು ವರ್ಷಗಳ ನಂತರ ಪುಸ್ತಕದಲ್ಲಿ ಸುಮಾರು 3,494 ರೂಪಾಯಿಗೆ ನಿಲ್ಲುತ್ತದೆ. ಆ ಅಂಕಿಯನ್ನು ನೋಡಿ, ಮೂರೂವರೆ ಸಾವಿರದ ಗಾಡಿಗೆ ಎರಡು ಸಾವಿರದ ದುರಸ್ತಿಯೇ ಎಂದು ಕೆಲವರು ಹಿಂದೆ ಸರಿಯುತ್ತಾರೆ. ಇದು ಸರಿಯಾದ ಹೋಲಿಕೆಯಲ್ಲ. ದುರಸ್ತಿಯನ್ನು ತೂಗಬೇಕಾದುದು ಹೊಸ ಗಾಡಿಯ ಕಂತು ಮತ್ತು ಬಡ್ಡಿಯ ಎದುರು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದನ್ನೂ ತಕ್ಕಡಿಗೆ ಹಾಕಬೇಕು, ನಿಜ. ಆದರೂ ಕಂತು ಕಂತೇ.

ದುರಸ್ತಿಯ ಬಿಲ್ಲು ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಆಯಾ ವರ್ಷದ ಖರ್ಚಾಗಿ ಸಲ್ಲುತ್ತದೆ. ಆದರೆ ವಹಿವಾಟಿನ ಶೇ. 8 ಅಥವಾ ಶೇ. 6ನ್ನು ಲಾಭವೆಂದು ತೋರಿಸುವ ಅಂದಾಜು ಆದಾಯ ಪದ್ಧತಿಯಲ್ಲಿರುವವರಿಗೆ ಅದರಿಂದ ತೆರಿಗೆಯಲ್ಲಿ ಪ್ರತ್ಯೇಕ ಲಾಭವಿಲ್ಲ. ಜಿಎಸ್‌ಟಿಯಲ್ಲಿಯೂ ಇಂತಹ ವಾಹನದ ಖರೀದಿ, ದುರಸ್ತಿ ಸೇವೆ ಮತ್ತು ವಿಮೆಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಹಾಗಾಗಿ ವ್ಯರ್ಥವಾಗಿ ಕೊಂಡ ಸಿ.ಡಿ.ಐ. ಪೆಟ್ಟಿಗೆಯ ಭಾರವನ್ನು ಸರ್ಕಾರ ಹಂಚಿಕೊಳ್ಳುತ್ತದೆಂಬ ಸಮಾಧಾನ ಅನೇಕರಿಗೆ ಇಲ್ಲ.

ದಾಖಲೆಯ ವಿಷಯವನ್ನೂ ಮರೆಯಬಾರದು. ನೋಂದಣಿಯ ಅವಧಿ ಹದಿನೈದು ವರ್ಷ. ಆಮೇಲೆ ವಾಹನವನ್ನು ತೋರಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಿಂದ ಹೆಚ್ಚಾಗಿದೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯ ಹಳೆಯ ಗಾಡಿಗಳ ಮೇಲೆ ಕೆಎ-17 ಇದ್ದರೆ, ಹೊಸಪೇಟೆ ಕಚೇರಿಯಲ್ಲಿ ನೋಂದಾಯಿಸಿದವುಗಳ ಮೇಲೆ ಕೆಎ-35 ಇದೆ. ಅವಧಿ ಮುಗಿದ ಗಾಡಿಗೆ ಅಪಘಾತವಾದಲ್ಲಿ ವಿಮೆಯ ಹಣಕ್ಕೆ ತಕರಾರು ಏಳಬಹುದು. ನವೀಕರಣಕ್ಕೆ ಗಾಡಿ ಹೊರಡುವ ಸ್ಥಿತಿಯಲ್ಲಿರಲೇಬೇಕು ಎಂಬುದು ಬೇರೆ ಮಾತು.

ಇನ್ನೊಂದು ಸೂಚನೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಗಾಡಿ ನಿಲ್ಲಿಸುವ ಸಂದರ್ಭ ಬಂದರೆ ಕಾಕ್ ಮುಚ್ಚಿ, ಇಂಜಿನ್ನನ್ನು ತಾನಾಗಿಯೇ ನಿಲ್ಲುವವರೆಗೆ ಓಡಲು ಬಿಟ್ಟು, ಫ್ಲೋಟ್ ಬಟ್ಟಲಿನಲ್ಲಿ ಉಳಿದದ್ದನ್ನು ತಿರುಪು ಸಡಿಲಿಸಿ ಇಳಿಸಬೇಕು. ಸೀಟಿನ ಕೆಳಗೆ ಪ್ಲಗ್ ಪಾನೆ, ಒಂದು ಹೊಸ ಪ್ಲಗ್ಗು, ಸಣ್ಣ ಮರಳು ಕಾಗದದ ತುಂಡು, ಒಣ ಬಟ್ಟೆ ಇರಲಿ. ಮಂಡಕ್ಕಿ ಭಟ್ಟಿಯವರು ಈಗ ಹೊಸ ಗಾಡಿಯಲ್ಲಿಯೂ ಇವನ್ನು ಇಟ್ಟುಕೊಂಡಿದ್ದಾರೆ.